ಮೇಷ್ಟ್ರ ಮಹಾಪ್ರಾಣ

ಬೀಳ್ಕೊಡುಗೆಗೆಂದು ಮೇಷ್ಟ್ರು ಹಿಂದಿನ ಸಂಜೆ ಕೇರಿಯವರಿಗೆ ಒಂದು ಹಳೆಯ ಸಿನಿಮಾ ತೋರಿಸಿದ್ದೇ ತಪ್ಪಾಯಿತು. ಅದರಲ್ಲಿ ಬಡವರ ಕೇರಿಯ ಮೇಷ್ಟ್ರೊಬ್ಬ, ಮಕ್ಕಳ ಕಣ್ಣೀರು ನೋಡಿ ತನ್ನ ವರ್ಗಾವಣೆ ಆದೇಶವನ್ನೇ ಹರಿದೆಸೆಯುತ್ತಾನೆ. ಕೇರಿಗೆ ಕೇರಿಯೇ ಮೂಗು ಸೀಟುತ್ತ ಮನೆಗೆ ಹೋಗಿತ್ತು.

ಬೆಳಿಗ್ಗೆ ಮೇಷ್ಟ್ರು ಹಾಸಿಗೆ ಸುತ್ತುತ್ತಿದ್ದರು. ಏಳು ವರ್ಷ ಕಾದ ಮೇಲೆ ಹೆಂಡತಿಯಿದ್ದ ಊರಿಗೆ ವರ್ಗವಾಗಿತ್ತು. ಸಂಜೆಯೊಳಗೆ ಹೋಗಿ ಸೇರದಿದ್ದರೆ ಆ ಜಾಗ ಬೇರೆಯವರ ಪಾಲು. ಅಷ್ಟರಲ್ಲಿ ಕೇರಿಯ ಕ್ಷೌರಿಕ ಒಳಗೆ ಬಂದ, ಮೇಜಿನ ಮೇಲಿದ್ದ ಆದೇಶ ಓದಿದ, ನಾಲ್ಕು ತುಂಡು ಮಾಡಿದ.

"ಏನಯ್ಯ ಮಾಡ್ದೆ?"

"ನೀವೇ ಹರೀಬೇಕಿತ್ತು ಮೇಷ್ಟ್ರೇ. ಕೈ ಬರ್ತಿಲ್ಲ ಅಂತ ಕಾಣ್ತು, ನಾನೇ ಹರಿದೆ."

ಅವನ ಹಿಂದೆಯೇ ಟೈಲರಕ್ಕ ಬಂದಳು. "ಅತ್ತುಬಿಡಿ ಮೇಷ್ಟ್ರೇ, ನಾಚ್ಕೋಬೇಡಿ. ನಿನ್ನೆ ಸಿನಿಮಾದಲ್ಲಿ ಆ ಮೇಷ್ಟ್ರೂ ಅತ್ರಲ್ಲ."

ಮೇಷ್ಟ್ರ ಮುಖ ಕಾದ ಇಸ್ತ್ರಿಪೆಟ್ಟಿಗೆಯಂತಾಯಿತು. ಇವರ ಪ್ರೀತಿ ಕೆಡಿಸದೆ ಬಿಡುಗಡೆಯಿಲ್ಲ. "ಏಳು ವರ್ಷ ನಾನು ಪಾಠಾನೇ ಮಾಡಿಲ್ಲ, ನಿದ್ದೆ ಮಾಡಿದೀನಿ" ಎಂದರು.

"ಎಂಥ ದೊಡ್ಡ ಮನಸ್ಸು ನೋಡಪ್ಪ. ಹೊಗಳಿಕೇನೂ ಬೇಡ್ವಂತೆ." ಅಕ್ಕ ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಕಣ್ಣೊತ್ತಿಕೊಂಡಳು.

"ನಿಮ್ಮ ಮಕ್ಕಳ ತಲೇಲಿ ಇರೋದು ಸಗಣಿ."

ಟೇಪು ಅಲ್ಲೇ ನಿಂತಿತು. "ಯಾರ ತಲೇಲಿ?"

ಅರ್ಧ ಗಂಟೆಯಲ್ಲಿ ಕೇರಿಯ ಪರವಾಗಿ ಕ್ಷೌರಿಕ ದೂರು ಬರೆದು ಮುಗಿಸಿದ: ಬುದ್ದಿಯಿಲ್ಲದ ಈ ಮೇಷ್ಟ್ರನ್ನು ಕೂಡಲೇ ಓಡಿಸಿ. ಮೇಷ್ಟ್ರ ಎದೆ ಹಗುರಾಯಿತು. ಈ ಕಾಗದ ತೋರಿಸಿದರೆ ಹೊಸ ಆದೇಶ ಎರಡು ನಿಮಿಷದ ಕೆಲಸ. ಆದರೆ ಕಣ್ಣು ಒಂದು ಕಡೆ ಸಿಕ್ಕಿಕೊಂಡಿತು.

"ಬುದ್ಧಿಗೆ ಮಹಾಪ್ರಾಣ ಕಣಯ್ಯ. ರಾತ್ರಿ ಪಾಠದಲ್ಲಿ ಎಷ್ಟು ಸಲ ಹೇಳಿದೀನಿ? ತಿದ್ದು."

ಕ್ಷೌರಿಕ ಹಲ್ಲು ಕಡಿಯುತ್ತಲೇ ತಿದ್ದಿದ. ಹೀಗೆ ಹನ್ನೊಂದು ತಪ್ಪು ತಿದ್ದಿಸಿ, ಶುದ್ಧ ಪ್ರತಿ ಬರೆಸಿ, ಅವನನ್ನೇ ಎಳೆದುಕೊಂಡು ಮೇಷ್ಟ್ರು ಕಚೇರಿಗೆ ಓಡಿದರು.

ಶಿಕ್ಷಣಾಧಿಕಾರಿ ದೂರನ್ನು ಎರಡು ಸಲ ಓದಿದರು. "ಬರೆದೋರು ಯಾರು?"

"ನಾನೇ ಸಾರ್" ಎಂದ ಕ್ಷೌರಿಕ, ಎದೆಯುಬ್ಬಿಸಿ.

"ಏಳು ವರ್ಷದ ಹಿಂದೆ ನಿಮ್ಮ ಕೇರಿಯಿಂದ ಬರ್ತಿದ್ದಿದ್ದು ಬರೀ ಹೆಬ್ಬೆಟ್ಟು. ಈಗ ಪುಟ ತುಂಬ ಬೈಗುಳ, ಒಂದೇ ಒಂದು ತಪ್ಪಿಲ್ಲ. ಇಂಥ ಮೇಷ್ಟ್ರನ್ನ ಬಿಟ್ಟುಕೊಡೋಕೆ ನನಗೇನು ಹುಚ್ಚಾ?"

ಅವರು ಕಡತದ ಮೇಲೆ ದಪ್ಪಗೆ ಬರೆದು ಮೇಷ್ಟ್ರ ಮುಂದೆ ತಳ್ಳಿದರು: ವರ್ಗಾವಣೆ ರದ್ಧು.

ಮೇಷ್ಟ್ರು ಬಹಳ ಹೊತ್ತು ಅದನ್ನೇ ನೋಡಿದರು. ಕ್ಷೌರಿಕನಿಗೂ ಪಾಪ ಅನ್ನಿಸಿತು.

"ಏನಾದ್ರೂ ಹೇಳೋದಿದ್ಯಾ ಮೇಷ್ಟ್ರೇ?" ಎಂದರು ಅಧಿಕಾರಿ.

"ರದ್ದುಗೆ ಮಹಾಪ್ರಾಣ ಬೇಡ ಸಾರ್" ಎಂದು ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು.