‘ದೋಷ ಕಂಡುಬಂದಿಲ್ಲ’ ಎಂದ ಯಂತ್ರ ಮಹಾಶಯರಿಗೆ

ಇವರಿಗೆ,
ಶ್ರೀ ಸ್ಕ್ಯಾನರ್ ಯಂತ್ರ ಮಹಾಶಯರು,
ಅಧಿಕೃತ ಕಾರು ಸರ್ವೀಸ್ ಸೆಂಟರ್, ಹೆದ್ದಾರಿ ಬದಿ,
ನೆಲಮಂಗಲ ತಾಲ್ಲೂಕು.

ವಿಷಯ: ನಿಂತಲ್ಲೇ ನಡುಗುವ ನಮ್ಮ ಕಾರಿಗೆ ತಾವು ಮೂರು ಬಾರಿ ದಯಪಾಲಿಸಿದ ಆರೋಗ್ಯ ಪ್ರಮಾಣಪತ್ರದ ಕುರಿತು.

ಮಾನ್ಯರೇ,

ತಮ್ಮ ಪರದೆ ಸದಾ ಬೆಳಗುತ್ತಿರಲಿ, ತಮ್ಮ ಬ್ಯಾಟರಿ ಎಂದೂ ಇಳಿಯದಿರಲಿ, ತಮ್ಮ ವೈರನ್ನು ಇಲಿ ಕಡಿಯದಿರಲಿ ಎಂದು ಮನಸಾರೆ ಹಾರೈಸುತ್ತಾ, ತ್ಯಾಮಗೊಂಡ್ಲು ಹೋಬಳಿಯ ನಿವಾಸಿಯೂ ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯೂ ಆದ ಗೋಪಾಲಪ್ಪನೆಂಬ ನಾನು ಈ ಬಹಿರಂಗ ಪತ್ರವನ್ನು ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ಕೂರಿಸಿ ತಳ್ಳಿಕೊಂಡು ಓಡಾಡುವ ಟ್ರಾಲಿಯ ನಾಲ್ಕು ಚಕ್ರಗಳಿಗೆ, ಸಮರ್ಪಿಸುತ್ತಿದ್ದೇನೆ.

ಮ್ಯಾನೇಜರಿಗೆ ಬರೆಯುವುದು ಬಿಟ್ಟು ಯಂತ್ರಕ್ಕೇಕೆ ಬರೆಯುತ್ತೀರಿ ಎಂದು ನನ್ನ ಹೆಂಡತಿ ಅಕ್ಕಯಮ್ಮ ಕೇಳಿದಳು. ಪಾಪ, ಅವಳಿಗೆ ಅಲ್ಲಿನ ಆಡಳಿತ ಗೊತ್ತಿಲ್ಲ. ಗಿರಾಕಿಗಳನ್ನು ಮಾತನಾಡಿಸಲೆಂದು ನೇಮಕವಾಗಿರುವ ಮಂಜೇಶ್ ಎಂಬ ಇಸ್ತ್ರಿ ಅಂಗಿಯ ಯುವಕ, ನಾನು ಏನೇ ಕೇಳಿದರೂ ತಮ್ಮತ್ತ ಕೈ ತೋರಿಸಿ ‘ಮೆಷಿನ್ ಹಂಗೆ ಹೇಳ್ತಿದೆ ಸಾರ್’ ಎನ್ನುತ್ತಾನೆ. ಅವನ ಮೇಲಿನ ಮ್ಯಾನೇಜರು ಮಂಜೇಶನತ್ತ ಕೈ ತೋರಿಸುತ್ತಾರೆ. ಎಲ್ಲ ಕೈಗಳೂ ಕೊನೆಗೆ ತಮ್ಮನ್ನೇ ತೋರಿಸುತ್ತಿರುವಾಗ ನಡುವಿನವರಿಗೆ ಅರ್ಜಿ ಕೊಟ್ಟು ನಾನು ಕಾಗದ ಹಾಳುಮಾಡುವುದೇಕೆ?

ನಮ್ಮ ಕಾರಿನ ಕಾಯಿಲೆಯನ್ನು ಇನ್ನೊಮ್ಮೆ ವಿವರಿಸುತ್ತೇನೆ, ಏಕೆಂದರೆ ಅಂಥದ್ದೊಂದು ಇಲ್ಲವೇ ಇಲ್ಲವೆಂದು ತಾವು ಬರೆದುಕೊಟ್ಟಿದ್ದೀರಿ. ರಸ್ತೆಯಲ್ಲಿ ಓಡುವಾಗ ಅದು ಬಹಳ ಸಂಭಾವಿತ. ನಿಲ್ಲಿಸಿ, ಗೇರು ತೆಗೆದು, ಆಕ್ಸಿಲರೇಟರಿನಿಂದ ಕಾಲು ಎತ್ತಿದೊಡನೆ ಇಂಜಿನ್ನಿನ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ; ಮೀಟರಿನ ಮುಳ್ಳು ಉಯ್ಯಾಲೆಯಾಡುತ್ತದೆ; ಸ್ಟೇರಿಂಗ್ ಹಿಡಿದ ಕೈಗೆ ಚಳಿಜ್ವರ ಬಂದಂತೆ ನಡುಕ ಹತ್ತುತ್ತದೆ; ಕೊನೆಗೊಮ್ಮೆ ಗಕ್ಕನೆ ಆಫ್ ಆಗಿಬಿಡುತ್ತದೆ. ದಸರಾ ಮುಗಿದ ವಾರದಿಂದ ಶುರುವಾದದ್ದು ಇದು.

ಇದರಿಂದ ತಮಗೇನೂ ನಷ್ಟವಿಲ್ಲ, ಒಪ್ಪಿದೆ. ನಷ್ಟ ಆದದ್ದು ನನ್ನ ಮಗಳು ಅರ್ಪಿತಳಿಗೆ. ಸೋಂಪುರದ ಕಾರ್ಖಾನೆಯೊಂದರಲ್ಲಿ ಹೆಂಗಸರ ಪಾಳಿಗೆ ಓಡಾಡುವ ವ್ಯಾನಿಗೆ ಹೆಂಗಸೇ ಡ್ರೈವರ್ ಬೇಕೆಂದು ಹುಡುಕುತ್ತಿದ್ದರು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದು ತೋರಿಸಿದರೆ ತರಬೇತಿ ಕೊಟ್ಟು ಸೇರಿಸಿಕೊಳ್ಳುತ್ತೇವೆಂದು ಇವಳಿಗೆ ಹೇಳಿದ್ದರು. ಪರೀಕ್ಷೆಯ ದಿನ ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಡಿಸಬೇಕಾದ ಜಾಗದಲ್ಲಿ ತಾವು ಗುಣವಾಗಿದೆಯೆಂದು ಕಳಿಸಿದ ಕಾರು ಮೂರು ಸಲ ಆಫ್ ಆಯಿತು. ಸಾಲಿನಲ್ಲಿ ನಿಂತಿದ್ದವರು ನಕ್ಕರು. ಕ್ಲಚ್ಚಿನ ಮೇಲೆ ಹಿಡಿತ ಇಲ್ಲ, ಇನ್ನಷ್ಟು ಕಲಿತುಕೊಂಡು ಬಾಮ್ಮ ಎಂದು ಇನ್‌ಸ್ಪೆಕ್ಟರು ಕಳಿಸಿಬಿಟ್ಟರು. ಕಣ್ಣಿಗೆ ಕಂಡದ್ದನ್ನು ಅವರು ಹೇಳಿದರು, ಅವರದೇನೂ ತಪ್ಪಿಲ್ಲ.

ಆಮೇಲೆ ಎರಡನೇ ಸಲ, ಮೂರನೇ ಸಲ ತಮ್ಮ ಸನ್ನಿಧಿಗೆ ಬಂದೆವು. ಪ್ಲಗ್ಗುಗಳು ಬದಲಾದವು. ಇಂಜಿನ್ನಿಗೆ ಗಾಳಿ ಹೋಗುವ ಬಾಯಿ ಕನ್ನಡಿಯಂತೆ ಸ್ವಚ್ಛವಾಯಿತು. ಕಾರಿನ ಕಂಪ್ಯೂಟರಿನ ಹಳೆಯ ನೆನಪನ್ನೆಲ್ಲ ಅಳಿಸಿ ಹೊಸದಾಗಿ ಪಾಠ ಹೇಳಿಕೊಟ್ಟಿದ್ದೇವೆಂದು ಮಂಜೇಶ್ ಹೆಮ್ಮೆಯಿಂದ ತಿಳಿಸಿದ. ತಮ್ಮ ವೈರನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿದಾಗಲೆಲ್ಲ ತಮ್ಮ ಪರದೆ ಹಸಿರಾಯಿತು. ಆಹಾ, ಎಂಥ ಹಸಿರು! ಎದುರಿಗೇ ಕಾರು ಗಡಗಡ ನಡುಗುತ್ತಿದೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪ ಅಲ್ಲಾಡುತ್ತಿದ್ದಾನೆ, ತಾವು ಮಾತ್ರ ಕಿಂಚಿತ್ತೂ ವಿಚಲಿತರಾಗದೆ ‘ದೋಷ ಕಂಡುಬಂದಿಲ್ಲ’ ಎಂದು ಅಪ್ಪಣೆ ಕೊಡಿಸುತ್ತಿದ್ದೀರಿ. ಮೂವತ್ತೊಂದು ವರ್ಷ ಸರ್ಕಾರಿ ಚಾಕರಿ ಮಾಡಿದವನು ನಾನು. ಒಣಗಿದ ಬೋರ್‌ವೆಲ್ಲಿನಲ್ಲಿ ನೀರಿದೆ ಎಂದು ವರದಿ ಬರೆದವರನ್ನು ಕಂಡಿದ್ದೇನೆ, ಆದರೆ ಅವರು ಕೂಡ ಬೋರ್‌ವೆಲ್ಲಿನ ಪಕ್ಕದಲ್ಲೇ ನಿಂತು ಬರೆಯುವಷ್ಟು ಧೈರ್ಯವಂತರಲ್ಲ.

ಮೂರನೇ ಕಾಗದದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ‘ದೋಷ ಕಂಡುಬಂದಿಲ್ಲ. ಚಾಲಕರ ಅಭ್ಯಾಸ.’ ಎರಡನೆಯ ವಾಕ್ಯ ಮಂಜೇಶನದು, ಬಲ್ಲೆ. ಆದರೆ ತಮ್ಮ ಮೊದಲ ವಾಕ್ಯ ಇಲ್ಲದಿದ್ದರೆ ಎರಡನೆಯದಕ್ಕೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಕಾರಿನಲ್ಲಿ ತಪ್ಪಿಲ್ಲವೆಂದಾದ ಮೇಲೆ ತಪ್ಪು ಎಲ್ಲಾದರೂ ಹೋಗಿ ಕೂರಬೇಕಲ್ಲ, ಅದು ಬಂದು ನನ್ನ ಮಗಳ ಎಡಗಾಲಿನ ಮೇಲೆ ಕೂತಿತು.

ನಾನು ಓಡಿಸುವಾಗ ಕಾರು ಆಫ್ ಆಗುತ್ತಿರಲಿಲ್ಲ ಎಂಬುದೂ ಅವಳಿಗೇ ಮುಳುವಾಯಿತು. ಕಾರಣ ಏನೆಂದರೆ, ನಿಂತಲ್ಲೂ ಆಕ್ಸಿಲರೇಟರ್ ಒತ್ತುತ್ತಲೇ ಇರುವ ಕೆಟ್ಟ ಚಾಳಿ ನನಗಿದೆ. ಪುಸ್ತಕದಲ್ಲಿ ಹೇಳಿದಂತೆ ಸರಿಯಾಗಿ ಕಾಲು ಎತ್ತುವವಳು ಮನೆಯಲ್ಲಿ ಅವಳೊಬ್ಬಳೇ, ಆದ್ದರಿಂದ ಆಫ್ ಆಗುತ್ತಿದ್ದದ್ದೂ ಅವಳ ಕಾಲಿನಡಿಯಲ್ಲೇ. ಸುಯ್ ಅಂತ ಎಲ್ಲೋ ಗಾಳಿ ಎಳೆಯುವ ಸದ್ದು ಬರುತ್ತಿದೆ ಎಂದು ಅವಳು ಮೊದಲ ದಿನದಿಂದ ಹೇಳುತ್ತಿದ್ದಳು. ಮೆಷಿನ್ನಿಗಿಂತ ನಿನಗೆ ಜಾಸ್ತಿ ಗೊತ್ತೋ ಎಂದು ನಾನು ಬಾಯಿ ಮುಚ್ಚಿಸಿದೆ. ಮೂರನೇ ಕಾಗದವನ್ನು ಊಟಕ್ಕೆ ಕೂತಾಗ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಅವಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು, ಮೂರು ದಿನ ಕಾರಿನ ಕೀಲಿಯನ್ನು ಮುಟ್ಟಲಿಲ್ಲ.

ನಾಲ್ಕನೇ ದಿನ ಅವಳೇ ಕಾರನ್ನು ಅಪ್ಪಯ್ಯಣ್ಣನ ಬಳಿಗೆ ಒಯ್ದಳು. ತಮಗೆ ಅವರ ಪರಿಚಯವಿರಲಾರದು. ತ್ಯಾಮಗೊಂಡ್ಲುವಿನಲ್ಲಿ ಹೊಂಗೆ ಮರದ ಕೆಳಗೆ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವ ಮುದುಕರು. ಪರದೆ ಇಲ್ಲ, ವೈರಿಲ್ಲ, ಟ್ರಾಲಿಯಂತೂ ಇಲ್ಲವೇ ಇಲ್ಲ. ನಾನೂ ಮೂರು ಕಾಗದಗಳ ಸಮೇತ ಹಿಂದೆ ಕೂತು ಹೋಗಿದ್ದೆ. ಇಂಜಿನ್ನು ಓಡುತ್ತಿರುವಾಗ ಅವರು ಬಾನೆಟ್ ಎತ್ತಿ ಕಿವಿ ಕೊಟ್ಟು ನಿಂತರು. ಅವರಿಗೆ ಅನುಕೂಲವಾಗಲೆಂದು ನಾನು ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಓದತೊಡಗಿದಾಗ ಅವರು ತಿರುಗಿಯೂ ನೋಡದೆ, ‘ಸಾರ್, ಒಂದ್ ಗಳಿಗೆ ಸುಮ್ಕಿರಿ’ ಎಂದರು.

ಆಮೇಲೆ ನಡೆದದ್ದನ್ನು ತಮ್ಮ ಶೈಕ್ಷಣಿಕ ಪ್ರಗತಿಗಾಗಿ ದಾಖಲಿಸುತ್ತಿದ್ದೇನೆ. ಅಪ್ಪಯ್ಯಣ್ಣ ದೂರ ಹೋಗಿ ಬೀಡಿ ಹಚ್ಚಿ, ಬಾಯಿ ತುಂಬ ಹೊಗೆ ಎಳೆದು, ಬೀಡಿಯನ್ನು ಅಲ್ಲೇ ಹೊಸಕಿ, ಹಿಂದಿರುಗಿ ಬಂದು ಇಂಜಿನ್ನಿನ ಮೇಲೆ ಆ ಹೊಗೆಯನ್ನು ಮೆಲ್ಲಗೆ ಬಿಟ್ಟರು. ಎಲ್ಲ ಕಡೆ ಚದುರಿದ ಹೊಗೆ ಒಂದು ಸಣ್ಣ ರಬ್ಬರ್ ಪೈಪಿನ ಹತ್ತಿರ ಮಾತ್ರ ದಾರದಂತೆ ಸಪೂರವಾಗಿ ಒಳಕ್ಕೆ ಹೋಯಿತು. ಅಲ್ಲೊಂದು ಸಾಸಿವೆ ಕಾಳಿನಷ್ಟು ತೂತು. ಅವರು ಹೆಬ್ಬೆರಳು ಒತ್ತಿದರು. ಕಾರಿನ ನಡುಕ ನಿಂತಿತು. ಬೆರಳು ತೆಗೆದರು, ನಡುಗಿತು. ಮತ್ತೆ ಒತ್ತಿದರು, ಸುಮ್ಮನಾಯಿತು. ತಮ್ಮ ಮೂರು ವಾರದ ತಪಸ್ಸಿಗೆ ದಕ್ಕದ್ದು ಒಂದು ಬೀಡಿಯ ಮೊದಲ ದಮ್ಮಿಗೆ ಸಿಕ್ಕಿತು.

ಇಲ್ಲಿಗೆ ಪತ್ರವನ್ನು ಮುಗಿಸಿ ತಮ್ಮನ್ನು ಗುಜರಿಗೆ ಶಿಫಾರಸು ಮಾಡುವ ಆಸೆ ನನಗೆ ಬಹಳವಿತ್ತು. ಆದರೆ ಅಪ್ಪಯ್ಯಣ್ಣ ಆ ಪೈಪಿನ ಕ್ಲಿಪ್ಪಿನ ಸಂದಿಯಿಂದ ಮತ್ತೊಂದು ವಸ್ತು ಹೊರತೆಗೆದರು. ಉರಿದುಳಿದ ಊದುಬತ್ತಿಯ ಕಡ್ಡಿ. ಬುಡದಲ್ಲಿ ಇನ್ನೂ ಕುಂಕುಮ ಅಂಟಿಕೊಂಡಿತ್ತು. ಆಯುಧಪೂಜೆಯ ದಿನ ಗಾಳಿ ಜೋರಿತ್ತು. ಕಾರಿಗೆ ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಮೇಲೆ ಊದುಬತ್ತಿ ಎಲ್ಲಿ ಸಿಕ್ಕಿಸಿದರೂ ಬೀಳುತ್ತಿತ್ತು. ಇಂಜಿನ್ನಿಗೇ ನೇರವಾಗಿ ಪೂಜೆ ಸಲ್ಲಲಿ ಎಂದು ಬಾನೆಟ್ ಎತ್ತಿ, ಗಟ್ಟಿ ಜಾಗ ಹುಡುಕಿ, ಪೈಪಿಗೂ ಕ್ಲಿಪ್ಪಿಗೂ ನಡುವೆ ಭದ್ರವಾಗಿ ಸಿಕ್ಕಿಸಿದವನು ನಾನು. ಬತ್ತಿ ಅಲ್ಲಾಡದೆ ಪೂರ್ತಿ ಉರಿಯಿತೆಂದು ಅಕ್ಕಯಮ್ಮನಿಗೆ ಹೇಳಿ ಬೀಗಿದ್ದೆ; ಉರಿಯುತ್ತಾ ಅದು ಪೈಪನ್ನೂ ಸುಟ್ಟು ತೂತು ಮಾಡಿತ್ತು.

ಪೂಜೆ ಮಾಡಿದ್ದು ಯಾರೆಂದು ಅಪ್ಪಯ್ಯಣ್ಣ ಕೇಳಿದರು. ನಾನು ಮೂರು ಕಾಗದಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ನಾನೇ ಎಂದೆ. ಅರ್ಪಿತ ರೇಗಲಿಲ್ಲ. ರೇಗಿದ್ದರೆ ಒಳ್ಳೆಯದಿತ್ತು. ‘ನೀನು ಆ ಮೆಷಿನ್ನ ಮೂರ್ ಸಲ ಕೇಳ್ದೆ. ನನ್ನ ಒಂದ್ ಸಲಾನೂ ಕೇಳ್ಲಿಲ್ವಲ್ಲಪ್ಪ’ ಎಂದಳು, ಅಷ್ಟೇ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ಇನ್ನು ಮುಂದೆ ತಮ್ಮ ಕಾಗದದಲ್ಲಿ ‘ದೋಷ ಕಂಡುಬಂದಿಲ್ಲ’ ಎನ್ನುವ ಬದಲು ‘ನನಗೆ ಕಾಣಲಿಲ್ಲ’ ಎಂದು ಅಚ್ಚು ಹಾಕಬೇಕು. ಮೂರು ಸಲ ಬಾನೆಟ್ ಎತ್ತಿಯೂ ಕುಂಕುಮ ಹಚ್ಚಿದ ಕಡ್ಡಿಯೊಂದನ್ನು ನೋಡಲಾಗದ ತಮ್ಮ ಪರಿವಾರದವರಿಗೆ ತಮ್ಮಿಂದಲೇ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಪರದೆ ಹಸಿರು ಬಂದರೆ ಅವರನ್ನು ಕೂಡಲೇ ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕು. ‘ಚಾಲಕರ ಅಭ್ಯಾಸ’ ಎಂಬ ಸಾಲನ್ನು ಮಂಜೇಶ್ ಹೊಡೆದುಹಾಕಿ, ಸಹಿ ಮಾಡಿ, ಸೀಲು ಒತ್ತಿ ಅರ್ಪಿತಳ ಹೆಸರಿಗೆ ಕಳಿಸಬೇಕು. ಇದೇ ವೇಳೆಯಲ್ಲಿ ನಮ್ಮೂರ ಸೋರುವ ನೀರಿನ ಟ್ಯಾಂಕಿಗೂ ನನ್ನ ಬಲಮಂಡಿಗೂ ವೈರು ಚುಚ್ಚಿ ತಲಾ ಒಂದು ಪ್ರಮಾಣಪತ್ರ ಕೊಟ್ಟರೆ, ಎರಡೂ ನೆಟ್ಟಗಿವೆಯೆಂದು ನಂಬಿಕೊಂಡು ಕಾಲ ಕಳೆಯುತ್ತೇವೆ.

ಇಂತಿ,
ತಮ್ಮಲ್ಲಿಟ್ಟ ವಿಶ್ವಾಸವನ್ನು ಮಗಳಲ್ಲಿ ಇಡಬೇಕಿತ್ತೆಂದು ತಡವಾಗಿ ತಿಳಿದ, ತಮ್ಮ ಮಾಜಿ ವಿಶ್ವಾಸಿ,
ಗೋಪಾಲಪ್ಪ

ಮರೆತ ಮಾತು: ಅಪ್ಪಯ್ಯಣ್ಣ ಹೊಸ ಪೈಪು ಹಾಕಿಕೊಟ್ಟ ಕಾರಿನಲ್ಲಿ ಅರ್ಪಿತಳ ಮರುಪರೀಕ್ಷೆ ಇದೇ ಗುರುವಾರ. ಜೊತೆಗೆ ಬರುತ್ತೇನೆ ಎಂದೆ. ಬೇಡ, ಅಪ್ಪಯ್ಯಣ್ಣ ಬರುತ್ತಾರೆ ಎಂದಳು. ಆ ದಿನ ನಾನು ಮನೆಯಲ್ಲೇ ಇರುತ್ತೇನೆ. ತಮಗೂ ಬಿಡುವಿದ್ದರೆ ದಯಮಾಡಿಸಿ; ಇಬ್ಬರೂ ಜಗಲಿಯ ಮೇಲೆ ಕೂತು, ದೋಷ ಕಂಡುಬಂದಿಲ್ಲವೆಂದು ಒಬ್ಬರಿಗೊಬ್ಬರು ಬರೆದುಕೊಡೋಣ.