ನಡುವೆ ಒಂದು ಓರೆ ಗೆರೆ

ಹತ್ತೊಂಬತ್ತು ವರ್ಷಗಳಿಂದ ಬೆಳಗಿನ ಚಹಾ ತಾನೇ ಏಕೆ ಮಾಡುತ್ತಿದ್ದೇನೆ ಎಂಬುದು ನಕ್ಷೆಗಾರರಿಗೆ ಬಗೆಹರಿದಿರಲಿಲ್ಲ. ಮದುವೆಯಾದ ಮೊದಲ ವರ್ಷ ಹೆಂಡತಿಯೇ ಮಾಡುತ್ತಿದ್ದಳು. ಆಮೇಲೊಂದು ಬೆಳಗ್ಗೆ ಹೊದಿಕೆಯೊಳಗಿಂದಲೇ, "ಚಹಾ ಇನ್ಮೇಲೆ ನಿಮ್ದು. ತೀರ್ಮಾನ ನಿಮ್ದೇ ತಾನೆ?" ಅಂದಳು. ಯಾವ ತೀರ್ಮಾನ ಎಂದು ಕೇಳುವ ಧೈರ್ಯವಾಗಲಿಲ್ಲ. (ದೊಡ್ಡದೊಂದು ಜಗಳವಾಗಿ, ಆಕೆ ವಾರವಿಡೀ ಅಕ್ಕನ ಮನೆಯಲ್ಲಿದ್ದು ಹಿಂದಿನ ದಿನವಷ್ಟೇ ಬಂದಿದ್ದಳು.) ತೆಪ್ಪಗೆ ಎದ್ದು ಒಲೆ ಹೊತ್ತಿಸಿದರು.

ಅವರಿಗಿದ್ದ ಒಂದೇ ಸುಖವೆಂದರೆ ಚಿತ್ರದ ಅಂಚೆಕಾರ್ಡುಗಳು. ಕಚೇರಿಯಲ್ಲಿ ದಿನವಿಡೀ ಗೆರೆ ಎಳೆಯುವ ಆ ಜೀವಕ್ಕೆ ಕಾರ್ಡಿನ ಮುಂಬದಿಯ ಕಡಲು, ಸೇತುವೆಗಳಿಗಿಂತ ಹಿಂಬದಿಯ ಗೆರೆಯೇ ಚಂದ.

"ಮೊದಲು ಈ ಗೆರೆ ಇರ್ಲಿಲ್ಲ ಕಣೇ. ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳೋದನ್ನೆಲ್ಲ ಚಿತ್ರದ ಅಂಚಲ್ಲಿ ತುರುಕಬೇಕಿತ್ತು. ಆಮೇಲೆ ಯಾರೋ ಪುಣ್ಯಾತ್ಮ ನಡುವೆ ಗೆರೆ ಎಳೆದ. ಎಡಕ್ಕೆ ಮಾತು, ಬಲಕ್ಕೆ ವಿಳಾಸ!"

"ಮನೇಲೂ ಒಂದು ಎಳೀರಿ. ಆ ಕಡೆ ನಿಮ್ಮ ಕಾರ್ಡು, ಈ ಕಡೆ ನಾನು."

ಅವರದೊಂದು ಘನವಾದ ವ್ರತವಿತ್ತು: ಪರರ ಪತ್ರ ಓದಬಾರದು. ಹಳೆ ಸಾಮಾನಿನ ಅಂಗಡಿಯಿಂದಲೋ ಅಂಚೆಯಲ್ಲೋ ಕಾರ್ಡು ಕೈಗೆ ಬಂದೊಡನೆ ಮಾತಿನ ಭಾಗಕ್ಕೆ ಕಂದು ಕಾಗದದ ಪಟ್ಟಿ ಸಿಕ್ಕಿಸಿ, ಗೆರೆ ಅಳೆದು, ಆಲ್ಬಮ್ಮಿಗೆ ಸೇರಿಸುವುದು.

ಈ ತಪಸ್ಸಿಗೆ ಕೊನೆಗೂ ಫಲ ಸಿಕ್ಕಿತು. ಗ್ರಂಥಾಲಯದಲ್ಲಿ ಪ್ರದರ್ಶನ! ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಅವರ ಸಂಗ್ರಹದ ಮುಕುಟಮಣಿ: ಮುದ್ರಣದ ತಪ್ಪಿನಿಂದ ಗೆರೆ ಓರೆಯಾಗಿ ಬಿದ್ದ ಕಾರ್ಡು. ಊರಿನ ನಾಲ್ಕು ಜನರ ಮುಂದೆ, ಅದರಲ್ಲೂ ಹೆಂಡತಿಯ ಮುಂದೆ, ಒಮ್ಮೆಯಾದರೂ ದೊಡ್ಡವರೆನಿಸಬೇಕೆಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

ಹೆಂಡತಿ ಗಾಜಿನ ಮೇಲೆ ಬಗ್ಗಿದಳು. "ರೀ, ಇದ್ರಲ್ಲಿರೋ ವಿಳಾಸ ನಮ್ಮನೇದಲ್ವಾ?"

ನಕ್ಷೆಗಾರರು ಕನ್ನಡಕ ಸರಿಪಡಿಸಿಕೊಂಡರು. ವಿಳಾಸ ಗೆರೆಯಿಂದ ಎಷ್ಟು ಕೂದಲೆಳೆ ದೂರವಿದೆ ಎಂದು ಅಳೆದಿದ್ದರೇ ಹೊರತು ಓದಿರಲಿಲ್ಲ.

"ಹಾಗಾದ್ರೆ ಪರರದ್ದಲ್ಲ ಬಿಡಿ ಸಾರ್," ಎಂದು ಗ್ರಂಥಪಾಲಕಿ ಪೆಟ್ಟಿಗೆ ತೆರೆದು, ಪಟ್ಟಿ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದರು:

"ತಪ್ಪು ನನ್ನದೇ. ಭಾನುವಾರ ನಾಲ್ಕರ ಬಸ್ಸಿಗೆ ಬರುತ್ತೇನೆ. ನೀವು ನಿಲ್ದಾಣಕ್ಕೆ ಬಂದರೆ ಜೀವಮಾನವಿಡೀ ಬೆಳಗಿನ ಚಹಾ ನನ್ನದು. ಬರದಿದ್ದರೆ ಕೋಪ ಇಳಿದಿಲ್ಲವೆಂದು ತಿಳಿಯುತ್ತೇನೆ. ಆಗ ಚಹಾ ನಿಮ್ಮದು."

ಜನರೆಲ್ಲ ನಕ್ಕರು. ಹೆಂಡತಿ ನಗಲಿಲ್ಲ.

"ಕತ್ತಲಾಗೋವರೆಗೂ ಟ್ರಂಕಿನ ಮೇಲೆ ಕೂತಿದ್ದೆ," ಅಂದಳು ಮೆಲ್ಲಗೆ. "ಬರೋ ಹೋಗೋ ಛತ್ರಿಗಳನ್ನೆಲ್ಲ ನಿಮ್ದೇ ಅಂದ್ಕೊಂಡು. ನೀವೇನು ಮಾಡ್ತಿದ್ರಿ?"

ಅವರು ಓರೆ ಗೆರೆಯನ್ನು ನೋಡಿದರು.

"ಅಳೀತಿದ್ದೆ."

ಆಗ ಅವಳಿಗೆ ನಗು ಬಂತು. ಗಾಜಿನ ಪೆಟ್ಟಿಗೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಗ್ಗೆ ನಕ್ಷೆಗಾರರು ಏಳಲಿಲ್ಲ. ತನಗೆ ಕೋಪವೇ ಇರಲಿಲ್ಲವೆಂದು ಊರಿಗೆಲ್ಲ ಗೊತ್ತಾದ ಮೇಲೆ ಈ ಶಿಕ್ಷೆ ಮುಗಿಯಲೇಬೇಕಲ್ಲ! ಹೊದಿಕೆಯೊಳಗೆ ಕಣ್ಮುಚ್ಚಿ ಲೋಟದ ಸದ್ದಿಗಾಗಿ ಕಾದರು.

"ಏನ್ರೀ, ಚಹಾ?"

"ಅದು... ನಿನ್ನೆ ಎಲ್ಲ ಗೊತ್ತಾಯ್ತಲ್ಲ..."

"ಏನ್ ಗೊತ್ತಾಗಿದ್ದು? ನೀವು ನಿಲ್ದಾಣಕ್ಕೆ ಬಂದಿರ್ಲಿಲ್ಲ ತಾನೆ?" ಹೆಂಡತಿ ಹೊದಿಕೆಯ ಚುಂಗು ತನ್ನತ್ತ ಎಳೆದುಕೊಂಡಳು. "ಜಗಳವಾದಾಗೆಲ್ಲ ನಾನು ಬರೆದ ಕಾರ್ಡು ಇನ್ನೂ ಎಷ್ಟಿವೆ ಆ ಆಲ್ಬಮ್ಮಿನಲ್ಲಿ?"

"ರಾತ್ರಿ ವಿಳಾಸ ನೋಡ್ದೆ. ನಮ್ಮನೇದು ಇನ್ನೂ ಏಳಿವೆ."

"ಚಹಾ ತರುವಾಗ ಅವನ್ನೂ ತನ್ನಿ. ಇನ್ನೂ ಏನೇನು ಕೆಲಸಕ್ಕೆ ಒಪ್ಪಿಕೊಂಡಿದ್ದೀರೋ ನೋಡೋಣ."