ಗಣಿತದ ಮೇಷ್ಟ್ರು ಕದ್ದ ಆಟದ ಪೀರಿಯಡ್

ಓದಿದವರ ನಡುವೆ ಓದದವನಿಗೆ ಮರ್ಯಾದೆ ಸಿಗುವುದು ಎರಡೇ ಸಂದರ್ಭದಲ್ಲಿ: ಅವರಿಗೆ ಹಸಿವಾದಾಗ, ಇಲ್ಲವೇ ಹಳ್ಳಿಯ ಮೇಲೆ ಪ್ರೀತಿ ಉಕ್ಕಿದಾಗ. ನನಗೆ ಎರಡೂ ಒಟ್ಟಿಗೇ ಒದಗಿಬಂದವು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಈಗ ವಿದೇಶದಲ್ಲಿ, ಸೀಡರ್ ಪಾರ್ಕ್ ಎಂಬ ಊರಲ್ಲಿ, ಅಡುಗೆ ಮಾಡಿಕೊಡುವ ಸ್ವಂತ ವ್ಯಾಪಾರವಿದೆ. ನನ್ನ ಉದ್ದಿನವಡೆಯ ಮುಂದೆ ಎಂಥ ಡಾಕ್ಟರೇಟೂ ಬಾಯಿ ತೆರೆಯಲೇಬೇಕು. ನಮ್ಮ ಕನ್ನಡದ ಗೆಳೆಯರು ಊರ ಕಡೆಯ ಹಳ್ಳಿ ಶಾಲೆಗಳಲ್ಲಿ ಆಟೋಟ ಬೆಳೆಸಲು ಸಮಿತಿ ಮಾಡಿದಾಗ, "ಹಳ್ಳಿ ಶಾಲೇಲಿ ನಿಜವಾಗ್ಲೂ ಓದಿದೋರು ನೀವೊಬ್ರೇ ಅಣ್ಣಾ" ಎಂದು ನನ್ನನ್ನೂ ಸೇರಿಸಿಕೊಂಡರು. ಬರುವಾಗ ವಡೆ ತರಬೇಕೆಂದೂ ಹೇಳಿದರು.

ಶನಿವಾರ ಬೆಳಿಗ್ಗೆ ಹತ್ತಿರದ ಊರು ಫ್ಲೂಗರ್‌ವಿಲ್‌ನಲ್ಲಿ ಅಧ್ಯಕ್ಷ ಸತೀಶರ ಮನೆಯಲ್ಲಿ ಸಭೆ. ವ್ಯಾಯಾಮದ ಮಹತ್ವ ಚರ್ಚಿಸಲು ಎಂಟು ಮಂದಿ ಎಂಟು ಕಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬರ ಮನೆ ಎದುರು ಸಾಲಿನಲ್ಲೇ ಇತ್ತು. "ಬಿಸಿಲು ಅಣ್ಣಾ" ಎಂದರು. ಹಳ್ಳಿ ಮಕ್ಕಳಿಗೆ ಹೆಜ್ಜೆ ಎಣಿಸುವ ವಾಚು ಕಳಿಸೋಣವೆಂದು ಸಲಹೆ ಕೊಟ್ಟವರೂ ಅವರೇ. ದಿನಾ ಗದ್ದೆ ಬದುವಿನ ಮೇಲೆ ನಡೆದು ಶಾಲೆಗೆ ಹೋಗುತ್ತಿದ್ದ ನನ್ನ ಕೈಗೆ ಆ ವಾಚು ಕಟ್ಟಿದ್ದರೆ, ವಾಚೇ ಸುಸ್ತಾಗಿ ಕೂತುಬಿಡುತ್ತಿತ್ತು.

ಮೂಲೆಯಲ್ಲಿ ನನ್ನ ಹನ್ನೊಂದು ವರ್ಷದ ಮಗಳು ಸಿರಿ ಟ್ಯೂಷನ್ ಲೆಕ್ಕಗಳನ್ನು ಮಾಡುತ್ತಿದ್ದಳು. ಹನ್ನೊಂದು ಗಂಟೆಗೆ ಹತ್ತಿರದ ಮೈದಾನದಲ್ಲಿ ಅವಳ ರಿಲೇ ಓಟ. ಲೆಕ್ಕ ಮುಗಿದರೆ ಮಾತ್ರ ಓಟ ಎಂಬುದು ನನ್ನ ಷರತ್ತು.

ಅಷ್ಟರಲ್ಲಿ ಹಾವೇರಿ ಕಡೆಯ ಒಂದು ಶಾಲೆಯ ಹೆಡ್‌ಮಾಸ್ಟರು ವಿಡಿಯೋ ಕಾಲ್‌ನಲ್ಲಿ ಬಂದರು. ಏನು ಕಳಿಸಬೇಕು ಎಂದು ಕೇಳಿದೆವು.

"ಬಾಲ್ ಅದಾವ್ರಿ, ಮೈದಾನಾನೂ ಐತ್ರಿ. ಆಟದ ಪೀರಿಯಡ್ಡೇ ಇಲ್ರಿ. ಗಣಿತದ ಮಾಸ್ತರ್ರು ತಗೊಂಡ್‌ಬಿಡ್ತಾರ್ರಿ. ಪಾಲಕರೂ ಗಣಿತಾನ ಕೇಳ್ತಾರ್ರಿ."

ನನ್ನ ರಕ್ತ ಕುದಿಯಿತು. ನಾನು ಶಾಲೆಗೆ ಹೋಗುತ್ತಿದ್ದದ್ದೇ ಆ ಒಂದು ಪೀರಿಯಡ್ಡಿಗಾಗಿ. ಖೋ-ಖೋದಲ್ಲಿ ನನ್ನನ್ನು ಮುಟ್ಟಿದವರಿಲ್ಲ. ನಮ್ಮ ಗಣಿತದ ಮೇಷ್ಟ್ರು ಪ್ರತಿ ವಾರ ಬಾಗಿಲಿಗೆ ಅಡ್ಡ ನಿಂತು, "ಇದೊಂದು ಮುಗಿಸ್ರೋ, ಆಮೇಲೆ ಆಟ" ಎನ್ನುತ್ತಿದ್ದರು. ಅದು ಮುಗಿಯಲೇ ಇಲ್ಲ. ನಾನೇ ಶಾಲೆ ಮುಗಿಸಿದೆ. ಇದನ್ನೆಲ್ಲ ಎದ್ದು ನಿಂತು ಹೇಳಿ, "ಮಗು ಕೈಯಿಂದ ಆಟ ಕಿತ್ಕೊಳ್ಳೋನು ಕಳ್ಳ ಸಾರ್!" ಎಂದು ಮೇಜು ಗುದ್ದಿದೆ. ಚಟ್ನಿ ಹಾರಿತು. ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ಸಿರಿ ಕೇಳಿದಳು: "ಅಪ್ಪಾ, ಇಟ್ಸ್ ಟೆನ್ ಥರ್ಟಿ. ಕ್ಯಾನ್ ವಿ ಗೋ?"

"ಎಷ್ಟು ಉಳಿದಿದೆ?"

"ಜಸ್ಟ್ ಒನ್ ಪೇಜ್."

"ಅದೊಂದು ಮುಗಿಸು ಪುಟ್ಟಾ, ಆಮೇಲೆ ಆಟ."

ಮಾತು ಬಾಯಿ ದಾಟಿದ ಮೇಲೆಯೇ ಅದು ಯಾರದೆಂದು ನನಗೆ ಗೊತ್ತಾದದ್ದು. ಎಲ್ಲರೂ ವಡೆಯ ತಟ್ಟೆ ನೋಡತೊಡಗಿದರು. ಪರದೆಯ ಮೇಲಿಂದ ಹೆಡ್‌ಮಾಸ್ಟರು ಕೇಳಿದರು: "ನಮ್ಮ ಗಣಿತದ ಮಾಸ್ತರ್ರು ಅಲ್ಲಿಗೂ ಬಂದಾರೇನ್ರಿ?"

ಕಾರಿನ ಕೀಲಿ ತೆಗೆದುಕೊಂಡೆ. ಪುಸ್ತಕ ಅಲ್ಲೇ ಉಳಿಯಿತು.

ಮೈದಾನ ತಲುಪಿದಾಗ ಹೆಸರು ಕೂಗುತ್ತಿದ್ದರು. ಸಿರಿ ಕಾರಿನಿಂದಿಳಿದು ಒಂದೇ ಓಟಕ್ಕೆ ತನ್ನ ತಂಡ ಸೇರಿಕೊಂಡಳು. ನಾನೂ ಹಿಂದೆಯೇ ಓಡಿದೆ. ಖೋ-ಖೋದಲ್ಲಿ ಯಾರ ಕೈಗೂ ಸಿಗದವನು ಪಾರ್ಕಿಂಗ್ ಲಾಟಿನ ಅರ್ಧದಲ್ಲೇ ಸಿಕ್ಕಿಬಿದ್ದೆ. ಹಿಡಿದದ್ದು ನನ್ನ ಹೊಟ್ಟೆಯೇ. ಯಾರದೋ ಟ್ರಕ್ಕಿಗೆ ಒರಗಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳು ಓಡಿ ಮುಗಿಸಿ, ನೀರಿನ ಬಾಟಲಿ ಹಿಡಿದು ಎದುರಿಗೆ ನಿಂತಿದ್ದಳು. ಗೆದ್ದೆಯಾ ಎಂದು ಕೇಳಲು ಬಾಯಿ ತೆರೆದೆ.

"ಇದು ಮುಗ್ಸು ಅಪ್ಪಾ, ಆಮೇಲೆ ಮಾತು" ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಅವಳು ಆ ಮೇಷ್ಟ್ರನ್ನು ಕಂಡವಳಲ್ಲ. ಆ ಧಾಟಿ ಎಲ್ಲಿ ಕಲಿತಳೆಂದು ನಾನೂ ಕೇಳಲು ಹೋಗಲಿಲ್ಲ.